ಬಲಗಾಲಿನ ಅನುಮಾನ

ಮೊದಲು ನಾನು ಅನುಮಾನಪಟ್ಟದ್ದು ಶೂ ಅಂಗಡಿಯವನನ್ನು.

ಹುಣಸೂರಿನ ನಮ್ಮ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತು, ಬೆಳಗಿನ ಓಟ ಮುಗಿಸಿ ಬಿಚ್ಚಿದ ಶೂಗಳನ್ನು ಮಗುಚಿ ಹಾಕಿ, ಹಳೆಯ ಚಮಚದಿಂದ ಕೆಮ್ಮಣ್ಣು ಕೆರೆಯುತ್ತಿದ್ದೆ. ಎಡಗಾಲಿನ ಶೂ ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆದಿತ್ತು. ಬಲಗಾಲಿನದು ಒಳ ಅಂಚಿನಲ್ಲಿ. ಒಂದೇ ದಿನ ತಂದದ್ದು, ಒಂದೇ ಡಬ್ಬಿಯಿಂದ ತೆಗೆದದ್ದು, ಹಾಕಿಕೊಂಡವಳೂ ಒಬ್ಬಳೇ. ಸವೆಯುವುದರಲ್ಲಿ ಮಾತ್ರ ಯಾಕೆ ಈ ಭೇದ? ಎರಡನ್ನೂ ಮೂಗಿನ ಹತ್ತಿರ ಹಿಡಿದು ಹೊಲಿಗೆ ಹೋಲಿಸಿ ನೋಡಿದೆ. ಬಲಗಾಲಿನ ಮೀನಖಂಡದಲ್ಲಿ, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ಹಿಂಡುವ ನೋವು ಶುರುವಾಗಿ ಅವತ್ತಿಗೆ ಹತ್ತು ದಿನ. ಎಡಗಾಲು ಏನೂ ಗೊತ್ತಿಲ್ಲದವರ ಹಾಗೆ ಆರಾಮಾಗಿತ್ತು.

"ರೀ, ಈ ಎರಡು ಶೂ ಒಂದೇ ಜೊತೇದಲ್ಲ. ಬೇರೆ ಬೇರೆ ಡಬ್ಬಿಯಿಂದ ಸೇರಿಸಿ ಕೊಟ್ಟಿದ್ದಾನೆ," ಅಂದೆ.

ನಮ್ಮ ಯಜಮಾನರದು ಪಂಪ್‌ಸೆಟ್ ರಿಪೇರಿ ಅಂಗಡಿ. ಏನನ್ನು ಕೈಗೆ ಕೊಟ್ಟರೂ ಮೊದಲು ತಿರುಗಿಸಿ ನೋಡುತ್ತಾರೆ. ಶೂವನ್ನೂ ಹಾಗೇ ತಿರುಗಿಸಿ, ತಟ್ಟಿ, ಕೆಳಗಿಟ್ಟರು.

"ಶೂ ಸರಿಯಾಗೇ ಇದೆ ಕಣೆ. ಒಳಗೆ ಹೋಗೋ ಪಾರ್ಟು ಹಳೇದಾಗಿದೆ."

ನಗಲಿಲ್ಲ ನಾನು. ನಲವತ್ತೇಳನೇ ವಯಸ್ಸಿಗೆ ಓಡಲು ಹೊರಟ ಹೆಂಗಸಿನ ಬಗ್ಗೆ ಇಂಥ ಮಾತು ಮನೆಯೊಳಗೇ ತಯಾರಾಗುತ್ತದೆ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿದೆ ಅಂತ ಗೊತ್ತಾದಾಗ ನಡೆಯಲು ಶುರುಮಾಡಿದವಳು ನಾನು. ನಡಿಗೆ ಯಾವಾಗ ಓಟವಾಯಿತೋ ಗೊತ್ತಿಲ್ಲ. ಒಂದು ದಿನ ಮಂಜಿನಲ್ಲಿ ಯಾರೂ ಕಾಣುವುದಿಲ್ಲ ಅಂತ ಧೈರ್ಯ ಮಾಡಿ ನಾಲ್ಕು ಹೆಜ್ಜೆ ಓಡಿದೆ, ಅಷ್ಟೆ. ಕೆ.ಆರ್. ನಗರದಲ್ಲಿ ಹುಟ್ಟಿ, ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮೊಣಕಾಲ ಮೇಲೆ ಸ್ಕರ್ಟು ಹೋದರೆ ಸಿಸ್ಟರ್ ಸ್ಕೇಲು ಹಿಡಿದು ಬರುತ್ತಿದ್ದ ಕಾಲದಲ್ಲಿ ಬೆಳೆದವಳಿಗೆ, ಚೂಡಿದಾರದ ಮೇಲೆ ದುಪಟ್ಟಾ ಅಡ್ಡ ಕಟ್ಟಿ ಊರ ಮೈದಾನದಲ್ಲಿ ಓಡುವುದು ಸಣ್ಣ ಸಂಗತಿಯಲ್ಲ. ಬೆಳಗಿನ ಐದೂವರೆಯಿಂದ ಆರೂವರೆಯವರೆಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಹಾಲು, ಗ್ಯಾಸು, ಇಸ್ತ್ರಿ, ಯಾವುದೂ ಇಲ್ಲ. ಆ ಒಂದು ಗಂಟೆ ಹೋಗಿಬಿಡುತ್ತದೇನೋ ಅನ್ನುವುದೇ ನೋವಿಗಿಂತ ಹೆಚ್ಚಿನ ಭಯವಾಗಿತ್ತು.

ಮೈದಾನ ಅಂದರೆ ದೊಡ್ಡದನ್ನು ಊಹಿಸಿಕೊಳ್ಳಬೇಡಿ. ನಮ್ಮ ಬಡಾವಣೆಯ ಹಿಂದೆ ಒಂದು ಬಯಲು. ಅರ್ಧಕ್ಕೆ ಟ್ರ್ಯಾಕ್ಟರುಗಳು ನಿಲ್ಲುತ್ತವೆ, ಕಾಲುಭಾಗ ಮುಳ್ಳುಪೊದೆ. ಉಳಿದ ಜಾಗದ ನಡುವೆ ಅರಳಿಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲುಗಳು. ಕಟ್ಟೆಯ ಸುತ್ತ ಕಾಲಿನಿಂದಲೇ ಸವೆದು ಆದ ದಾರಿ. ಒಂದು ಸುತ್ತಿಗೆ ನನ್ನ ಲೆಕ್ಕದಲ್ಲಿ ಇನ್ನೂರ ಎಪ್ಪತ್ತು ಹೆಜ್ಜೆ. ರಸ್ತೆಯಲ್ಲಿ ಓಡೋಣ ಅಂದರೆ ಲಾರಿ, ನಾಯಿ. ಸುಗ್ಗಿ ಬಂದರಂತೂ ಗಾಡಿಗಳು ತೆನೆ ತುಳಿಯಲಿ ಅಂತ ಡಾಂಬರಿನ ಮೇಲೇ ರಾಗಿ, ಹುರುಳಿ ಹರಡಿರುತ್ತಾರೆ, ಕಾಲಿಟ್ಟರೆ ಜಾರುತ್ತದೆ. ಹಾಗಾಗಿ ಬೀದಿಯ ಹೆಂಗಸರೆಲ್ಲ ಕಟ್ಟೆ ಸುತ್ತುವುದೇ.

ಅವಳು ಸಿಕ್ಕಿದ್ದೂ ಅಲ್ಲೇ. ಮೈದಾನದ ಪಕ್ಕದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಅವಳದು. ಎಚ್.ಡಿ. ಕೋಟೆಯ ಆಚೆ, ಕಾಡಿನಂಚಿನ ಬುಡಕಟ್ಟಿನವರ ಹಾಡಿಯವಳು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಿರಬೇಕು. ಹಾಸ್ಟೆಲ್ ಹುಡುಗಿಯೊಬ್ಬಳು ಬಿಟ್ಟುಹೋದ ಬಿಳಿ ಕ್ಯಾನ್ವಾಸ್ ಶೂ, ಬಣ್ಣ ಹೋದ ಸ್ವೆಟರು, ತಲೆಗೆ ಬಿಗಿದ ಟವೆಲ್ಲು. ಮೊದಲ ದಿನ ಎದುರಿನಿಂದ ಓಡಿ ಬರುತ್ತಿದ್ದವಳು ನನ್ನನ್ನು ನೋಡಿ ನಿಂತೇಬಿಟ್ಟಳು.

"ಅಕ್ಕೋ, ಯಾರಾದ್ರೂ ಅಟ್ಟಿಸ್ಕಂಡ್ ಬತ್ತಾವ್ರಾ? ಅಂಗ್ ಯಾಕ್ ಹೆದರ್ಕಂಡ್ ಓಡ್ತೀರಾ?"

"ಹೆದರಿಕೆ ಏನಿಲ್ಲಮ್ಮ. ಓಟ ಬರಲ್ಲ, ಕಲೀತಿದ್ದೀನಿ."

"ಅದೇನ್ ಇಂಗ್ಲೀಷಾ ಕಲಿಯಾಕೆ? ಕೈ ಬುಡಿ ಸಡ್ಲುಕ್ಕೆ. ನಂ ಜೊತೇಲಿ ಬನ್ನಿ."

"ನೀನೇ ಈ ಕಡೆಯಿಂದ ಬಾ. ದೇವರು ಬಲಕ್ಕಿರಬೇಕು," ಅಂತ ನಾನು ಅವಳ ತೋಳು ಹಿಡಿದು ತಿರುಗಿಸಿಕೊಂಡೆ. ಅವಳು ಆಯ್ತು ಅಂತ ತಿರುಗಿದಳು. ಅಂದಿನಿಂದ ಇಬ್ಬರೂ ಜೊತೆ. ಅವಳ ಮಾತಿಗೆ ನಗುತ್ತಾ ನಾಲ್ಕು ಸುತ್ತು ಎಂಟಾಯಿತು, ಎಂಟು ಹದಿನಾರಾಯಿತು. ಹಾಸ್ಟೆಲ್ಲಿನ ಸಾರು ತೆಳ್ಳಗಾದದ್ದು, ವಾರ್ಡನ್ನಿನ ಗೊರಕೆ, ಉಪ್ಪಿಟ್ಟು ಅಂದರೆ ಓಡಿಹೋಗುವ ಹುಡುಗಿಯರು, ಎಲ್ಲವೂ ನನಗೆ ಗೊತ್ತಾಯಿತು. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾದ ಮೇಲೆ ನನಗೆ ಅಂತ ಸಿಕ್ಕ ಮೊದಲ ಗೆಳತಿ ಅವಳು. ಆದರೆ ಇದನ್ನು ಆಗ ಯಾರಾದರೂ ಕೇಳಿದ್ದರೆ ನಾನು ಗೆಳತಿ ಅನ್ನುತ್ತಿರಲಿಲ್ಲ. 'ಹಾಸ್ಟೆಲ್ ಅಡುಗೆಯವಳು, ಪಾಪ, ಒಳ್ಳೆಯವಳು' ಅನ್ನುತ್ತಿದ್ದೆ.

ಎರಡು ತಿಂಗಳಿಗೆ ನೋವು ಬಂತು. ಮೊದಲು ಓಡಿದ ಮೇಲೆ, ಆಮೇಲೆ ಓಡುವಾಗ, ಆಮೇಲೆ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವಾಗ. ಮೀನಖಂಡದಿಂದ ಮುಂದಕ್ಕೆ ಹರಿದು, ಕಾಲಿನ ಮುಂದೆಲುಬಿನ ಒಳ ಅಂಚಿಗೆ ಇಳಿಯಿತು. ಹೆಬ್ಬೆರಳಲ್ಲಿ ಒತ್ತಿಕೊಂಡು ಹೋದರೆ ಅಂಗೈಯಷ್ಟು ಉದ್ದದ ಜಾಗ ಪೂರಾ ನೋಯುತ್ತಿತ್ತು. ಶೂ ಅಂಗಡಿಯವನ ಮೇಲಿನ ಅನುಮಾನ ಕಾಲುಂಗುರದ ಮೇಲೆ ಹೋಯಿತು. ಶೂ ಒಳಗೆ ಬೆರಳಿಗೆ ಒತ್ತುತ್ತಿದೆಯೇನೋ ಅಂತ ಹತ್ತಿ ಸುತ್ತಿ ಓಡಿದೆ. ಬದಲಾಗಲಿಲ್ಲ. ಆಮೇಲೆ ಯಜಮಾನರ ಮೇಲೆ. ನನ್ನ ಕುಂಟು ನೋಡಿದಾಗೆಲ್ಲ ಅವರ ಮುಖದಲ್ಲಿ ಒಂದು ಸಮಾಧಾನ ಮೂಡುತ್ತಿದೆಯೆಂದು ನನಗೆ ಅನಿಸತೊಡಗಿತು. ನಾನು ಮನೆಯಲ್ಲಿದ್ದ ದಿನ ಅವರಿಗೆ ಆರು ಗಂಟೆಗೇ ಕಾಫಿ ಸಿಗುತ್ತಿತ್ತಲ್ಲ!

ಅವಳ ಹತ್ತಿರ ಹೇಳಿಕೊಂಡೆ. ಆ ವಾರ ಹಾಡಿಗೆ ಹೋಗಿ ಬಂದವಳು, ಕೆಮ್ಮಿನ ಔಷಧಿಯ ಹಳೆಯ ಬಾಟಲಿಯೊಂದರಲ್ಲಿ ಕಪ್ಪು ಹಸಿರು ಎಣ್ಣೆ ತಂದು ಕೊಟ್ಟಳು. ಬಾಯಿಗೆ ಬಟ್ಟೆ ತುರುಕಿತ್ತು.

"ನಮ್ಮವ್ವ ಕಾಯ್ಸಿದ್ದು. ಬೆಚ್ಚಗ್ ಮಾಡಿ ಮೀನ್ಗಂಡಕ್ಕೆ ಮೇಲಿಂದ ಕೆಳಕ್ ಎಳೀರಿ. ಕೆಳಗಿಂದ ಮೇಲಕ್ ಬ್ಯಾಡ."

"ಇದರಲ್ಲಿ ಏನೇನಿದೆ?"

"ಎಣ್ಣೆ ಅದೆ," ಅಂತ ನಕ್ಕಳು.

ಆ ನಗು ನನಗೆ ನೆನಪಿತ್ತು. ಎಣ್ಣೆ ಹಚ್ಚಿದ ಐದನೇ ದಿನ ಕಾಲಿನ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳೆದ್ದು ಕೆರೆತ ಶುರುವಾದಾಗ ಆ ನಗುವೇ ಮೊದಲು ನೆನಪಾದದ್ದು. ಕೇಳಿದರೆ ಯಾಕೆ ಹೇಳಲಿಲ್ಲ? ಅವಳಿಗೆ ಗುಳ್ಳೆಯ ವಿಷಯ ನಾನು ಹೇಳಲಿಲ್ಲ. ಹಚ್ಚುವುದನ್ನು ಬಿಡಲೂ ಇಲ್ಲ. ಅವಳು ಕೇಳಿದಾಗ "ಪರವಾಗಿಲ್ಲ, ಹಚ್ತಾ ಇದ್ದೀನಿ" ಅನ್ನುತ್ತಿದ್ದೆ. ನಾವು ಕಾನ್ವೆಂಟಿನವರು ಮುಖದ ಮೇಲೆ ಯಾರಿಗೂ ಬೇಸರ ಮಾಡುವುದಿಲ್ಲ. ಹಿಂದಿನಿಂದ ಮಾಡುತ್ತೇವೆ.

ಕಟ್ಟೆಯ ಮೇಲೆ ದಿನಾ ಕೂರುವ ಒಬ್ಬ ದೊಡ್ಡಮ್ಮ ಇದ್ದರು. ಪಿರಿಯಾಪಟ್ಟಣದ ಕಡೆಯವರು, ಜಮೀನಿದ್ದವರು, ಮಂಡಿನೋವಿಗೆ ಅಂತ ನಡೆಯಲು ಬಂದು ಎರಡು ಸುತ್ತಿಗೆ ಕೂತುಬಿಡುತ್ತಿದ್ದರು. ನನ್ನ ಕಾಲಿನ ಗುಳ್ಳೆ ಅವರ ಕಣ್ಣಿಗೇ ಬೀಳಬೇಕೆ!

"ಏನೇ ಅದು?"

"ಎಣ್ಣೆ ಹಚ್ಚಿದ್ದೆ ದೊಡ್ಡಮ್ಮ. ಅವಳು ತಂದುಕೊಟ್ಟಳು."

"ಅಯ್ಯೋ ಪೆದ್ದಿ! ಯಾವ ಬೇರೋ, ಯಾವ ನಾರೋ. ಕಾಡ್ನೋರು ಏನೇನ್ ಆಕಿ ಕಾಯ್ಸ್ತಾರೋ ನೀನ್ ಕಂಡಿದ್ದೀಯಾ? ನಿಂಗೆ ಓದು ಬರಾ ಅದೆ ಅಂತಾರೆ, ಎಲ್ಲದೆ ಅದು?"

"ಹಾಗೆಲ್ಲ ಅನ್ನಬಾರದು ದೊಡ್ಡಮ್ಮ," ಅಂದೆ. ಅಂದದ್ದು ಬಾಯಿ. ಕಿವಿ ಆ ಮಾತನ್ನು ಜೋಪಾನವಾಗಿ ಮನೆಗೆ ತಂದಿತು.

ನಮ್ಮ ಡಾಕ್ಟರು ಕಾಲು ಒತ್ತಿ, ಎರಡೂ ಮೀನಖಂಡದ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಬಾವು ಇಲ್ಲ, ರಕ್ತ ಹೆಪ್ಪುಗಟ್ಟಿದ ಲಕ್ಷಣವಿಲ್ಲ ಅಂತ ಹೇಳಿ, ಮೈಸೂರಿನ ಫಿಸಿಯೋಥೆರಪಿಯವರ ಹತ್ತಿರ ಕಳಿಸಿದರು. ಬಸ್ಸಿನಲ್ಲಿ ಬಿಳಿಕೆರೆ ದಾಟುವಾಗಲೂ ನಾನು ಬಲಗಾಲನ್ನೇ ನೋಡುತ್ತಿದ್ದೆ, ಅದು ನನ್ನಿಂದ ಏನನ್ನೋ ಮುಚ್ಚಿಡುತ್ತಿದೆ ಅನ್ನುವ ಹಾಗೆ.

ಫಿಸಿಯೋಥೆರಪಿಯವಳು ಚಿಕ್ಕ ಹುಡುಗಿ. ಕನ್ನಡಕದ ಒಂದು ಕಡ್ಡಿಗೆ ಅಂಟು ಹಚ್ಚಿತ್ತು. ನನ್ನನ್ನು ಬರಿಗಾಲಲ್ಲಿ ನಡೆಸಿದಳು, ಒಂಟಿ ಕಾಲಲ್ಲಿ ನಿಲ್ಲಿಸಿದಳು, ಹಿಮ್ಮಡಿ ಎತ್ತಿಸಿದಳು. ಬಲಗಾಲು ಎಂಟಕ್ಕೇ ನಡುಗಿತು.

"ಎಲುಬಿನ ಅಂಚಿಗೆ ಅಂಟಿರೋ ಸ್ನಾಯು ಎಳೆದೂ ಎಳೆದೂ ಕೆರಳಿದೆ ಆಂಟಿ. ಓಡೋ ಜಾಗ ಹೇಗಿದೆ? ಇಳಿಜಾರಾ?"

"ಇಲ್ಲ, ಸಮ ಇದೆ."

"ಮೂರು ವಾರ ಓಡಬೇಡಿ. ನಡೀಬಹುದು. ಮೆಟ್ಟಿಲ ಅಂಚಲ್ಲಿ ನಿಂತು ನಿಧಾನಕ್ಕೆ ಹಿಮ್ಮಡಿ ಎತ್ತಿ ಇಳಿಸಿ. ಐಸನ್ನ ಟವೆಲ್ಲಲ್ಲಿ ಸುತ್ತಿ ಇಡಿ. ಆದ್ರೆ ಸುಮ್ಮನೆ ರೆಸ್ಟ್ ಮಾಡಿದ್ರೆ ಆಗಲ್ಲ. ಕಾರಣ ಹುಡುಕದೇ ಇದ್ರೆ ಓಡಿದ ತಕ್ಷಣ ಮತ್ತೆ ಬರತ್ತೆ. ನೋವು ಬರೋ ಮೊದಲು ಹೊಸದಾಗಿ ಏನು ಶುರುವಾಯ್ತು, ಯೋಚನೆ ಮಾಡಿ."

ಹೊಸದಾಗಿ ಏನು ಶುರುವಾಯಿತು? ವಾಪಸು ಬರುವ ಬಸ್ಸಿನಲ್ಲಿ ಯೋಚಿಸಿದೆ. ಶೂ ಹಳೆಯದೇ. ಮೈದಾನ ಹಳೆಯದೇ. ಕಾಲುಂಗುರ ಇಪ್ಪತ್ತೆರಡು ವರ್ಷದ್ದು. ಹೊಸದು ಅಂದರೆ ಅವಳು. ಅವಳು ಬಂದ ಮೇಲೇ ಹದಿನಾರು ಸುತ್ತು. ಅವಳ ಎಣ್ಣೆ ಬಂದ ಮೇಲೇ ಗುಳ್ಳೆ. ಹನಿ ಹನಿಯಾಗಿ ಲೆಕ್ಕ ಕೂಡಿಬಂತು, ಕೂಡಿಬಂದದ್ದಕ್ಕೆ ನನಗೆ ಖುಷಿಯೂ ಆಯಿತು. ಕೊನೆಗೂ ಕಾರಣ ಸಿಕ್ಕಿತಲ್ಲ! ಮನೆಗೆ ಬಂದವಳೇ ಕಾಲಿಗೆ ಸೋಪು ಹಚ್ಚಿ ತೊಳೆದು, ಬಾಟಲಿಯನ್ನು ಸ್ಟೋರಿನ ಕಿಟಕಿಯಲ್ಲಿ, ಫಿನಾಯಿಲಿನ ಪಕ್ಕ ಇಟ್ಟೆ. ಬಿಸಾಡಲು ಮನಸ್ಸು ಬರಲಿಲ್ಲ. ನಾಲ್ಕು ದಿನ ಮೈದಾನಕ್ಕೂ ಹೋಗಲಿಲ್ಲ. ಅವಳಿಗೆ ಹೇಳಿಯೂ ಕಳಿಸಲಿಲ್ಲ.

ಐದನೇ ದಿನ, ಭಾನುವಾರ, ಹತ್ತು ಗಂಟೆಯ ಹೊತ್ತಿಗೆ ಅವಳೇ ಮನೆಗೆ ಬಂದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕೈಯಲ್ಲಿ ಸೊಗಡವರೆ ಕಾಯಿ ತುಂಬಿದ ಚೀಲ. ಗೇಟಿನ ಹತ್ತಿರ ಯಜಮಾನರು ಬಗ್ಗಿ ಏನೋ ಮಾಡುತ್ತಿದ್ದರು.

"ಅಕ್ಕ ಮೈದಾನುಕ್ಕೇ ಬರ್ನಿಲ್ಲ. ಕಾಲು ಎಂಗದೆ ಅಂತ ಬಂದೆ."

"ಬಾಮ್ಮ, ಬಾ. ಒಳಗಿದ್ದಾಳೆ. ಸ್ವಲ್ಪ ನಿಧಾನ, ಎಣ್ಣೆ ಬಿಟ್ಟಿದ್ದೀನಿ, ಸೀರೆಗೆ ಆಗತ್ತೆ. ನೋಡು ಈಗ, ಮೂರು ವರ್ಷದಿಂದ ಕಿರ್ರೋ ಅಂತಿತ್ತು!" ಅಂತ ಅವರು ಸಂಭ್ರಮದಿಂದ ಗೇಟನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ತೋರಿಸಿದರು.

ಕಾಂಪೌಂಡ್ ಗೋಡೆಯ ಮೇಲೆ ಕೆಮ್ಮಿನ ಔಷಧಿಯ ಬಾಟಲಿ ನಿಂತಿತ್ತು. ಬಾಯಿಗೆ ತುರುಕಿದ್ದ ಬಟ್ಟೆ ಪಕ್ಕದಲ್ಲಿ.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಬಾಟಲಿ ನೋಡಿ, ಗೇಟು ನೋಡಿ, ಮುಗಿಸಿದ್ದಳು. ತಾನೇ ಒಂದು ಸಲ ಗೇಟನ್ನು ಬೆರಳಿನಿಂದ ತಳ್ಳಿದಳು. ಅದು ಸದ್ದಿಲ್ಲದೆ ಹೋಗಿ ಗೋಡೆಗೆ ತಗುಲಿತು.

"ಚೆಂದಾಗ್ ತಿರುಗ್ತದೆ," ಅಂದಳು.

"ಅದು... ನನಗೆ ಗುಳ್ಳೆ ಎದ್ದಿತ್ತು, ಅದಕ್ಕೆ ಎತ್ತಿಟ್ಟಿದ್ದೆ. ಇವರು ಗೊತ್ತಿಲ್ಲದೆ..."

"ಇರ್ಲಿ ಬುಡಿ ಮೇಡಮ್ಮೋರೆ. ಯಾವುದುಕ್ಕೋ ಒಂದುಕ್ಕೆ ಆಯ್ತಲ್ಲ."

ಅವರೆಕಾಯಿಯ ಚೀಲವನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಯಜಮಾನರು ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತಾ, "ಏನಾಯ್ತೇ?" ಅಂದರು. ಅವರದು ತಪ್ಪಿರಲಿಲ್ಲ. ಫಿನಾಯಿಲಿನ ಪಕ್ಕ ಇಟ್ಟ ಎಣ್ಣೆಯನ್ನು ಯಾರೂ ಕಾಲಿನ ಎಣ್ಣೆ ಅಂತ ತಿಳಿಯುವುದಿಲ್ಲ. ಅಲ್ಲಿಟ್ಟವಳು ನಾನು. ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಾಗ, 'ಮೇಡಮ್ಮೋರೆ' ಅಂದದ್ದೇ ಕಿವಿಯಲ್ಲಿತ್ತು.

ಆದರೆ ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬೇಸರದ ಜೊತೆ ಜೊತೆಗೇ ಒಂದು ಮನಸ್ಸು ಹೇಳುತ್ತಿತ್ತು, ಗುಳ್ಳೆ ಎದ್ದದ್ದು ಸುಳ್ಳಾ? ಏನಿದೆ ಅಂತ ಕೇಳಿದಾಗ ನಕ್ಕದ್ದು ಸುಳ್ಳಾ?

ಮರುದಿನ ಮೈದಾನಕ್ಕೆ ಹೋದೆ. ಓಡುವ ಹಾಗಿರಲಿಲ್ಲ, ಸೀರೆಯಲ್ಲೇ ಹೋಗಿದ್ದೆ. ಎರಡು ಸುತ್ತು ನಡೆದು, ಕಟ್ಟೆಯ ಮೇಲೆ ದೊಡ್ಡಮ್ಮನ ಪಕ್ಕ ಕೂತೆ. ಅವಳು ಬಂದಳು. ನನ್ನ ಕಡೆ ನೋಡಲಿಲ್ಲ. ಟವೆಲ್ಲು ಬಿಗಿದುಕೊಂಡು, ಎಲ್ಲರೂ ಹೋಗುವುದಕ್ಕೆ ಎದುರಾಗಿ, ಕಟ್ಟೆಯನ್ನು ಎಡಕ್ಕೆ ಹಾಕಿಕೊಂಡು ಓಡತೊಡಗಿದಳು.

"ನೋಡ್ದಾ, ನೋಡ್ದಾ?" ದೊಡ್ಡಮ್ಮ ನನ್ನ ತೊಡೆ ತಿವಿದರು. "ಅಪ್ರದಕ್ಷಿಣೆ! ದೇವ್ರನ್ನ ಎಡಕ್ ಆಕ್ಕಂಡ್ ಓಡ್ತಾಳೆ. ಸಾವಿನ ಮನೇಲಿ ಸುತ್ತೋ ಸುತ್ತು ಅದು. ಬೇಕಂತ್ಲೇ ಮಾಡ್ತಾವ್ಳೆ ಕಣೆ, ನಿನ್ ಮೇಲಿನ್ ಸಿಟ್ಟಿಗೆ."

ಬೇಕಂತಲೇ ಅಂತ ನನಗೂ ಅನಿಸಿತು. ನಾನು ದೃಷ್ಟಿ, ಶಾಪ ಇವನ್ನೆಲ್ಲ ನಂಬುವುದಿಲ್ಲ ಅಂತ ಹೇಳಿಕೊಂಡು ತಿರುಗಿದವಳು. ಆದರೂ ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡೆ.

ಹೀಗೆ ಆ ವಾರವೆಲ್ಲ. ಓಡಲಾಗದವಳಿಗೆ ನೋಡುವುದೊಂದೇ ಕೆಲಸ. ಮನೆಯಲ್ಲಿ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿಳಿಸುವುದು, ಮೈದಾನದಲ್ಲಿ ಅವಳ ಮೇಲೆ ಕಣ್ಣಿಡುವುದು. ಅವಳು ಎದುರಾದಾಗ ಹೆಂಗಸರು ದಾರಿ ಬಿಟ್ಟು ಗೊಣಗುತ್ತಿದ್ದರು. ಅವಳು ತನ್ನ ಪಾಡಿಗೆ ಓಡುತ್ತಿದ್ದಳು. ಮೊದಲೆರಡು ದಿನ ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಾಳೆ ಅನಿಸಿತು. ನಾಲ್ಕನೇ ದಿನದ ಹೊತ್ತಿಗೆ ಅದು ಹೋಗಿತ್ತು. ಇದನ್ನೂ ನಾನು ನಾಟಕ ಅಂದುಕೊಂಡೆ. ನನ್ನನ್ನು ಅಣಕಿಸುತ್ತಿದ್ದಳು, ಸಾಕಾಗಿ ಬಿಟ್ಟಳು ಅಂತ.

ಶುಕ್ರವಾರ. ಹೆಂಗಸರು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ನಾಗರಕಲ್ಲಿಗೆ ಅರಿಶಿನ ಇಡುವ ದಿನ. ಕಟ್ಟೆಯ ಕೆಳಗೆ ಸಾಲಾಗಿ ಏಳು ಜೊತೆ ಚಪ್ಪಲಿ, ಶೂ. ಅವರೆಲ್ಲ ಮೇಲಿದ್ದರು. ನಾನು ಕೆಳಗೆ ನಿಂತು, ಕೈಗೆ ಕೆಲಸವಿಲ್ಲದೆ, ಹಾಗೇ ನೋಡುತ್ತಿದ್ದೆ. ದೊಡ್ಡಮ್ಮನ ಕಂದು ಚಪ್ಪಲಿ. ಎಡಗಾಲಿನದು ಹೊರ ಅಂಚಿನಲ್ಲಿ ಸವೆದಿತ್ತು, ಬಲಗಾಲಿನದು ಒಳ ಅಂಚಿನಲ್ಲಿ. ಪಕ್ಕದ ನೀಲಿ ರಬ್ಬರ್ ಚಪ್ಪಲಿ, ಅದೂ ಹಾಗೇ. ಅದರಾಚೆಯ ಬಿಳಿ ಶೂ, ಹಾಗೇ. ಕೂತು, ಒಂದೊಂದನ್ನೇ ಬೆರಳ ತುದಿಯಿಂದ ಎತ್ತಿ ಹಿಮ್ಮಡಿ ನೋಡಿದೆ. ಏಳರಲ್ಲಿ ಐದು ಜೊತೆ, ಎಡದ್ದೂ ಬಲದ್ದೂ, ಒಂದೇ ದಿಕ್ಕಿಗೆ ವಾಲಿದ್ದವು, ಗಾಳಿಗೆ ಒರಗಿದ ರಾಗಿ ಪೈರಿನ ಹಾಗೆ. ಎಲ್ಲರಿಗೂ ಶೂ ಅಂಗಡಿಯವನು ಮೋಸ ಮಾಡಿರಲು ಸಾಧ್ಯವಿಲ್ಲವಲ್ಲ.

ಚಪ್ಪಲಿಯಿಂದ ಕಣ್ಣು ದಾರಿಗೆ ಹೋಯಿತು. ಎರಡು ವರ್ಷ ಆ ದಾರಿಯ ಮೇಲೆ ನಡೆದಿದ್ದೆ, ಓಡಿದ್ದೆ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿರಲಿಲ್ಲ. ಕಟ್ಟೆಗೆ ಮಣ್ಣು ತುಂಬಿ ಎತ್ತರಿಸಿದವರು ಯಾರೋ, ಉಳಿದ ಮಣ್ಣನ್ನು ಸುತ್ತಲೂ ಎಳೆದು ಬಿಟ್ಟಿದ್ದರು. ದಾರಿ ಕಟ್ಟೆಯ ಕಡೆ ಎತ್ತರ, ಹೊರಗಡೆಗೆ ಇಳಿಜಾರು. ನಾಲ್ಕು ಬೆರಳಷ್ಟೇ, ನಿಂತರೆ ಕಾಣದಷ್ಟು. ದೇವರನ್ನು ಬಲಕ್ಕಿಟ್ಟುಕೊಂಡು ಹೋದರೆ ಯಾವಾಗಲೂ ಬಲಗಾಲು ಮೇಲೆ, ಎಡಗಾಲು ಕೆಳಗೆ. ಯಾವಾಗಲೂ ತಿರುವು ಬಲಕ್ಕೇ. ಹದಿನಾರು ಸುತ್ತು, ದಿನವೂ, ಒಂದೇ ಕಾಲಿನ ಪಾದ ಒಳಕ್ಕೆ ಮಗುಚಿಕೊಂಡು. ಆ ಫಿಸಿಯೋಥೆರಪಿಯ ಹುಡುಗಿಗೆ ನಾನು 'ಸಮ ಇದೆ' ಅಂದಿದ್ದೆ. ಕಾನ್ವೆಂಟಿನಲ್ಲಿ ಸ್ಪೋರ್ಟ್ಸ್ ದಿನ ನಾವು ಎಡಕ್ಕೆ ತಿರುಗಿ ಓಡುತ್ತಿದ್ದೆವು. ಅಲ್ಲಿ ನಡುವೆ ದೇವರಿರಲಿಲ್ಲ, ಧ್ವಜದ ಕಂಬವಿತ್ತು. ಇಲ್ಲಿ ನಾನು ಓಡಲು ಬಂದು, ಗೊತ್ತಿಲ್ಲದೆ ಪೂಜೆಗೆ ನಿಂತಿದ್ದೆ.

"ದೊಡ್ಡಮ್ಮ, ನಿಮ್ಮ ಯಾವ ಮಂಡಿ ನೋಯೋದು?" ಅಂದೆ.

"ಬಲಗಡೇದು. ಯಾಕೆ?"

"ಈ ದಾರಿ ವಾಲಿದೆ ನೋಡಿ. ಒಂದಿನ ಈ ಕಡೆಯಿಂದ, ಒಂದಿನ ಆ ಕಡೆಯಿಂದ ನಡೆದರೆ..."

"ಸುಮ್ನಿರು! ಮಂಡಿ ಓದ್ರೆ ಓಗ್ಲಿ, ದೇವ್ರನ್ನ ಎಡಕ್ ಆಕ್ಕೋ ಅಂತೀಯಾ?"

ಅಷ್ಟರಲ್ಲಿ ಅವಳು ಓಟ ಮುಗಿಸಿ, ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಕೂತು ಲೇಸು ಬಿಗಿಯುತ್ತಿದ್ದಳು. ಹತ್ತಿರ ಹೋದೆ. ಏನು ಹೇಳಬೇಕು ಅಂತ ಸಿದ್ಧಮಾಡಿಕೊಂಡಿದ್ದೆಲ್ಲ ಮರೆತು, "ನಿನ್ನ ಬಲಗಾಲು ನೋಯ್ತಿತ್ತಾ?" ಅಂದುಬಿಟ್ಟೆ.

ಅವಳು ತಲೆ ಎತ್ತಲಿಲ್ಲ. "ನೋಯ್ತಿತ್ತು."

"ಯಾವಾಗಿಂದ?"

"ನಿಮ್ ಜೊತೇಲಿ ಓಡಾಕೆ ಶುರು ಮಾಡುದ್ಮ್ಯಾಕೆ. ಮೊದ್ಲು ನಾನು ಮನಸ್ಸು ಬಂದಂಗೆ, ಒಂದಿನ ಅಂಗೆ ಒಂದಿನ ಇಂಗೆ ಓಡ್ತಿದ್ದೆ. ನೀವ್ ದೇವ್ರು ಅಂದ್ರಿ. ಆಯ್ತು ಅಂದೆ."

"ಹೇಳಲೇ ಇಲ್ಲ ನೀನು!"

"ನೀವು ಕುಂಟ್ತಿದ್ರಿ. ನಾನೂ ಕುಂಟ್ತೀನಿ ಅಂದ್ರೆ ಇಬ್ರೂ ಮನೇಲ್ ಕೂತ್ಕಬೇಕಾಯ್ತಿತ್ತು. ಅದುಕ್ಕೇ ಅವ್ವನತ್ರ ಓಗಿ ಎಣ್ಣೆ ಕಾಯ್ಸ್ಕಂಡ್ ಬಂದೆ. ನಂಗೇ ಅಂತ. ಅರ್ಧ ನಿಮಗ್ ಬುಟ್ಟೆ."

ಟ್ರ್ಯಾಕ್ಟರಿನ ಚಕ್ರದ ಮೇಲೆ ಇಬ್ಬನಿ ಸಾಲಾಗಿ ಕೂತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಕಾರಣ ಹುಡುಕಿದವಳು ನಾನು. ಹೊಸದಾಗಿ ಬಂದದ್ದು ಏನು ಅಂತ ಕೇಳಿಕೊಂಡು ಅವಳ ಕಡೆ ಬೆರಳು ಮಾಡಿದ್ದೆ. ಅವಳು ಅದೇ ಪ್ರಶ್ನೆ ಕೇಳಿಕೊಂಡಿದ್ದರೆ, ಬೆರಳು ನೇರವಾಗಿ ನನ್ನ ಕಡೆಗೇ ಬರುತ್ತಿತ್ತು, ಅದೂ ಸರಿಯಾಗಿ.

"ಎಣ್ಣೇಲಿ ಏನಿತ್ತು ಅಂತ ಇನ್ನೂ ಅನ್ಮಾನ್ವಾ?" ಅಂದಳು. "ಅರಳೆಣ್ಣೆ, ಬೆಳ್ಳುಳ್ಳಿ, ಓಂಕಾಳು, ಎಕ್ಕದೆಲೆ. ಅರಳೆಣ್ಣೆ ನಿಮ್ ಬೀದಿ ಕೊನೆ ಅಂಗ್ಡೀದೇಯ. ಎಕ್ಕ ಕೆಲವ್ರಿಗೆ ಕಡೀತದೆ. ಕಡುದ್ರೆ ನಂಗ್ ಏಳ್ಬೇಕು. ಬ್ಯಾರೆ ಎಲೆ ಆಕಿ ಕಾಯ್ಸ್ಕಂಡ್ ಬತ್ತಿದ್ದೆ."

"ಕೇಳಿದಾಗ ನೀನು ನಕ್ಕೆ."

"ನಗ್ಬಾರ್ದಾ?"

ಸಾರಿ ಅಂದೆ. ಆ ಪದ ಬಾಯಿಂದ ಬಂದ ತಕ್ಷಣ ನನಗೇ ನಾಚಿಕೆಯಾಯಿತು, ಬಸ್ಸಿನಲ್ಲಿ ಕಾಲು ತುಳಿದಾಗ ಅನ್ನುವ ಮಾತು ಅದು. ತಪ್ಪಾಯ್ತು ಅಂದೆ. ಅವಳು ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು.

"ಓಡಾಕೆ ಯಾವಾಗ್ ಬುಡ್ತಾರಂತೆ?"

"ಇನ್ನೊಂದು ಹತ್ತು ದಿನಕ್ಕೆ. ಒಂದು ಸುತ್ತು ಓಡಿ ಒಂದು ಸುತ್ತು ನಡೀಬೇಕು. ನಾನೂ ಎಡಕ್ಕೇ ಬರ್ತೀನಿ. ಜೊತೆಗೆ ಓಡೋಣ."

"ಜೊತೇಲ್ ಬ್ಯಾಡ."

ಯಾಕೆ ಅಂತ ಅವಳನ್ನೇ ನೋಡಿದೆ.

"ಜೊತೇಲ್ ಓಡುದ್ರೆ ನಿಮ್ ಮೊಕ ಕಾಣಾಕಿಲ್ಲ. ನೀವ್ ಒಳ್ಗೊಳ್ಗೇ ಏನ್ ಅನ್ಕತ್ತೀರೋ ಗೊತ್ತಾಗಾಕಿಲ್ಲ. ನೀವ್ ಅಂಗ್ ಬನ್ನಿ, ನಾನ್ ಇಂಗ್ ಬತ್ತೀನಿ. ಮಾರ್ನೇ ದಿನ ಅದ್ಲು ಬದ್ಲು. ಎದುರ್ಗೆ ಸಿಕ್ಕಾಗ ಮೊಕ ನೋಡ್ತೀನಿ. ಅನ್ಮಾನ ಇದ್ರೆ ಮೊಕದಲ್ಲೇ ಇರ್ತದೆ."

ಹೇಳಿ, ಹಾಸ್ಟೆಲ್ಲಿನ ಕಡೆ ಹೊರಟುಹೋದಳು. ಏಳು ಗಂಟೆಗೆ ಹುಡುಗಿಯರಿಗೆ ತಿಂಡಿ ಆಗಬೇಕಿತ್ತು.

ಹತ್ತು ದಿನ ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿದೆ. ಎಂಟಕ್ಕೆ ನಡುಗುತ್ತಿದ್ದ ಕಾಲು ಹದಿನೆಂಟಕ್ಕೆ ಬಂತು. ಎಲುಬಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತಿದರೆ ನೋವು ಅಂಗೈ ಉದ್ದದಿಂದ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗಕ್ಕೆ ಇಳಿದಿತ್ತು. ಹೋಗಿಯೇಬಿಟ್ಟಿತು ಅಂತ ಹೇಳಿದರೆ ಸುಳ್ಳಾದೀತು.

ಓಡಿದ ಮೊದಲ ದಿನ ನಾನು ಕಟ್ಟೆಯನ್ನು ಎಡಕ್ಕೆ ಹಾಕಿಕೊಂಡೆ. ದೊಡ್ಡಮ್ಮ ಮೇಲಿನಿಂದ "ನಿಂಗೂ ಬಂತಾ ಆ ಗ್ರಾಚಾರ!" ಅಂತ ಕೂಗಿದರು. ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ಗೊತ್ತಿದ್ದ ಊರು, ತಿರುಗಿ ಓಡಿದ ಕೂಡಲೇ ಬೇರೆ ಊರಾಗಿ ಕಂಡಿತು. ಬಯಲಿನ ಅಂಚಿನ ಬೇವಿನ ಮರ ಬರಬೇಕಾದಲ್ಲಿ ಟ್ರ್ಯಾಕ್ಟರುಗಳು ಬಂದವು, ಬೆಳಕು ಬೆನ್ನಿಗೆ ಬೀಳಬೇಕಾದಲ್ಲಿ ಮುಖಕ್ಕೆ ಬಿತ್ತು. ಒಂದೊಂದು ಹೆಜ್ಜೆಗೂ ಬಲಗಾಲಿನ ಮೇಲೆ ಕಿವಿಯಿಟ್ಟಿದ್ದೆ, ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟುತ್ತಿರುವುದನ್ನು ಕೇಳುವ ಹಾಗೆ. ಅದು ಸುಮ್ಮನಿತ್ತು. ಅದರ ಸುಮ್ಮನಿರುವಿಕೆಯ ಮೇಲೂ ನನಗೆ ನಂಬಿಕೆ ಇರಲಿಲ್ಲ.

ಅವಳು ಎದುರಿನಿಂದ ಬಂದಳು. ನಾನು ದೂರದಿಂದಲೇ ಮುಖವನ್ನು ಸರಿಮಾಡಿಕೊಂಡೆ, ಸಣ್ಣಗೆ ನಕ್ಕ ಹಾಗೆ, ಪ್ರಸನ್ನವಾಗಿ. ಅವಳು ನೇರವಾಗಿ ನೋಡಿ ದಾಟಿದಳು. ಅರ್ಧ ಸುತ್ತಿಗೆ ಮತ್ತೆ ಸಿಕ್ಕಳು. ಈ ಸಲ ಇನ್ನೂ ಚೆನ್ನಾಗಿ ನಕ್ಕೆ. ಅವಳ ಹುಬ್ಬು ಮೇಲಕ್ಕೆ ಹೋಯಿತು. "ಅಂಗಡಿ ಮುಚ್ಚಿ," ಅಂತ ಅಂದು ದಾಟಿದಳು. ನಗುವಿನ ಅಂಗಡಿ ಅಂತ ಅರ್ಥವಾಗಲು ನನಗೆ ಹತ್ತು ಹೆಜ್ಜೆ ಬೇಕಾಯಿತು.

ಒಂದು ಸುತ್ತು ನಡೆದೆ. ಆಗ ನಾನು ಅವಳನ್ನು ನೋಡಲಿಲ್ಲ, ಅವಳೂ ನೋಡಲಿಲ್ಲ. ಮತ್ತೆ ಓಡಿದೆ. ಮೂರು ವಾರ ಕೂತ ಮೈ. ಬೇವಿನ ಮರದ ಹೊತ್ತಿಗೆ ಬಾಯಿ ತೆರೆದುಕೊಂಡಿತು, ದುಪಟ್ಟಾದ ಗಂಟು ಬಿಚ್ಚಿ ಒಂದು ತುದಿ ಹಿಂದೆ ಹಾರುತ್ತಿತ್ತು, ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು. ಎದುರಿಗೆ ಅವಳ ಬಿಳಿ ಶೂ ಕಂಡಿತು. ಮುಖ ಸರಿಮಾಡಿಕೊಳ್ಳುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ. ಇದ್ದ ಹಾಗೇ, ಬಾಯಿ ಬಿಟ್ಟುಕೊಂಡೇ ಹೋದೆ.

ಅವಳು ದಾಟುವಾಗ ನನ್ನ ಮುಖವನ್ನು ಒಂದು ಕ್ಷಣ ಚೆನ್ನಾಗಿ ನೋಡಿದಳು.

"ಆ, ಇದು ನಿಮ್ ಮೊಕ," ಅಂದಳು, ಓಡುತ್ತಲೇ.